ಇಸವಿ ತಪ್ಪಾಗಿತ್ತು, ಹಿಮ ಕರಗುವುದು ತಪ್ಪಲಿಲ್ಲ

ಹಿಮಾಲಯದ ಹಿಮನದಿಗಳೆಲ್ಲ 2035ರ ಹೊತ್ತಿಗೆ ಮಾಯವಾಗುತ್ತವೆ ಎಂಬ ಮಾತನ್ನು ನೀವೂ ಎಲ್ಲಾದರೂ ಓದಿರಬಹುದು. ಅದು ಯಾವುದೋ ಕರಪತ್ರದಲ್ಲಿ ಬಂದ ಮಾತಲ್ಲ. ಹವಾಮಾನ ಬದಲಾವಣೆಯ ಬಗ್ಗೆ ಜಗತ್ತಿನ ಸರ್ಕಾರಗಳಿಗೆ ಸಲಹೆ ಕೊಡುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿ 2007ರಲ್ಲಿ ಹೊರತಂದ ನಾಲ್ಕನೇ ವರದಿಯ ಎರಡನೇ ಸಂಪುಟದಲ್ಲಿ, ಏಷ್ಯಾ ಕುರಿತ ಹತ್ತನೇ ಅಧ್ಯಾಯದಲ್ಲಿ ಅದು ಅಚ್ಚಾಗಿತ್ತು. ಅದೇ ವರ್ಷ ಐಪಿಸಿಸಿಗೆ ನೊಬೆಲ್ ಶಾಂತಿ ಪುರಸ್ಕಾರವೂ ಬಂತು. ಅಂಥ ಸಂಸ್ಥೆ ಹೇಳಿದ ಮೇಲೆ ಇನ್ನೇನು, ಆ ಇಸವಿ ಭಾಷಣಗಳಿಂದ ಸಂಪಾದಕೀಯಗಳಿಗೆ, ಸಂಪಾದಕೀಯಗಳಿಂದ ಶಾಲಾ ಪ್ರಬಂಧಗಳಿಗೆ ಸರಾಗವಾಗಿ ದಾಟಿತು.

ಆದರೆ ಅದು ತಪ್ಪು ಲೆಕ್ಕ. ದೊಡ್ಡ ಹಿಮನದಿಗಳಲ್ಲಿ ಮಂಜುಗಡ್ಡೆಯ ದಪ್ಪ ನೂರಾರು ಮೀಟರ್ ಇರುತ್ತದೆ. ಅದು ವರ್ಷಕ್ಕೆ ಅರ್ಧ ಮೀಟರ್‌ನಂತೆ ತೆಳುವಾದರೆ ಇಪ್ಪತ್ತೆಂಟು ವರ್ಷಗಳಲ್ಲಿ ಹೋಗುವುದು ಹದಿನಾಲ್ಕು ಮೀಟರ್. ಕರಗುವ ವೇಗ ನಾಲ್ಕೈದು ಪಟ್ಟು ಹೆಚ್ಚಿದರೂ 2035ಕ್ಕೆ ಹಿಮಾಲಯ ಬೋಳಾಗಲಾರದು. ಅದೇ ಪ್ಯಾರಾದಲ್ಲಿ ಇನ್ನೊಂದು ಎಡವಟ್ಟೂ ಇತ್ತು: ಹಿಮನದಿಗಳ ವಿಸ್ತಾರ 5 ಲಕ್ಷ ಚದರ ಕಿಲೋಮೀಟರ್‌ನಿಂದ 1 ಲಕ್ಷಕ್ಕೆ ಇಳಿಯುತ್ತದೆ ಎಂದು ಬರೆದಿದ್ದರು. ಹಿಂದೂಕುಶ್‌ನಿಂದ ಅರುಣಾಚಲದಾಚೆಯವರೆಗೆ ಇಡೀ ವಲಯದ ಹಿಮನದಿಗಳನ್ನು ಕೂಡಿಸಿದರೂ ಸುಮಾರು 60,000 ಚದರ ಕಿಲೋಮೀಟರ್ ಆಗುತ್ತದೆ, ಅಷ್ಟೆ. ಅದೂ ಅಲ್ಲದೆ ಎಲ್ಲ ಮಾಯವಾಗುತ್ತದೆ ಎನ್ನುವ ಪ್ಯಾರಾದಲ್ಲೇ ಒಂದು ಲಕ್ಷ ಉಳಿಯುತ್ತದೆ ಎಂದೂ ಇತ್ತು. ಗಮನವಿಟ್ಟು ಓದಿದ ಯಾರಿಗಾದರೂ ಕಣ್ಣಿಗೆ ರಾಚಬೇಕಿದ್ದ ತಪ್ಪು.

ಇದು ನುಸುಳಿದ ದಾರಿ ಹೀಗಿದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಹಿಮತಜ್ಞರೊಬ್ಬರು ಸಂದರ್ಶನದಲ್ಲಿ ಹೇಳಿದರೆನ್ನಲಾದ ಅಂದಾಜೊಂದು 1999ರಲ್ಲಿ ಬ್ರಿಟನ್ನಿನ ‘ನ್ಯೂ ಸೈಂಟಿಸ್ಟ್’ ವಾರಪತ್ರಿಕೆಯಲ್ಲಿ ಬಂತು. ಅಲ್ಲಿಂದ ಅದು ವನ್ಯಜೀವಿ ಸಂರಕ್ಷಣಾ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ 2005ರಲ್ಲಿ ತಂದ ವರದಿಗೆ ಹೋಯಿತು. ಆ ವರದಿಯಿಂದ ಐಪಿಸಿಸಿಗೆ ಬಂತು. ಈ ಸರಪಳಿಯಲ್ಲಿ ಎಲ್ಲೂ ತಜ್ಞರ ಪರಾಮರ್ಶೆ ದಾಟಿ ಪ್ರಕಟವಾದ ಸಂಶೋಧನಾ ಪ್ರಬಂಧವಿಲ್ಲ. 5 ಲಕ್ಷದ ಅಂಕಿ 1996ರಲ್ಲಿ ರಷ್ಯಾದ ಹಿಮವಿಜ್ಞಾನಿ ಕೊಟ್ಲ್ಯಾಕೋವ್ ಯುನೆಸ್ಕೋಗಾಗಿ ಬರೆದ ವರದಿಯಲ್ಲಿತ್ತು. ಅದು ಧ್ರುವಪ್ರದೇಶಗಳನ್ನು ಬಿಟ್ಟು ಇಡೀ ಜಗತ್ತಿನ ಹಿಮನದಿಗಳ ಲೆಕ್ಕ. ಅಲ್ಲಿ ನಮೂದಾಗಿದ್ದ ಇಸವಿ 2350.

ತಪ್ಪು ಹಿಡಿದವರು ಯಾರು? ಇಲ್ಲಿ ಸ್ವಲ್ಪ ನಿಲ್ಲಬೇಕು. ಕೆನಡಾದ ಟ್ರೆಂಟ್ ವಿಶ್ವವಿದ್ಯಾಲಯದ ಗ್ರಹಾಂ ಕಾಗ್ಲಿ, ಆಸ್ಟ್ರಿಯಾದ ಗೇಯಾರ್ಗ್ ಕಾಸರ್ ಮುಂತಾದ ಹಿಮವಿಜ್ಞಾನಿಗಳು. ಭೂಮಿ ಬಿಸಿಯಾಗುತ್ತಿದೆ, ಮಂಜು ಕರಗುತ್ತಿದೆ ಎಂದು ದಶಕಗಳಿಂದ ಅಳೆದು ಹೇಳುತ್ತ ಬಂದವರೇ ಇವರು. ತಮ್ಮ ಪಕ್ಷಕ್ಕೆ ಅನುಕೂಲವಾದ ಅಂಕಿಯಲ್ಲವೇ, ಇರಲಿ ಬಿಡು ಎನ್ನಲಿಲ್ಲ. ಮೂಲ ಹುಡುಕಿಕೊಂಡು ಹೋಗಿ, ಸರಪಳಿಯ ಒಂದೊಂದು ಕೊಂಡಿಯನ್ನೂ ಬಿಚ್ಚಿಟ್ಟರು. 2010ರ ಜನವರಿ 20ರಂದು ಐಪಿಸಿಸಿ ವಿಷಾದ ವ್ಯಕ್ತಪಡಿಸಿತು. ಅದೇ ವರ್ಷ ಜಗತ್ತಿನ ವಿಜ್ಞಾನ ಅಕಾಡೆಮಿಗಳ ಒಕ್ಕೂಟ ಐಪಿಸಿಸಿಯ ಕೆಲಸದ ಕ್ರಮವನ್ನೇ ಜಾಲಾಡಿತು. ಕರಡಿನ ಹಂತದಲ್ಲೇ ಪರಿಶೀಲಕರು ಎತ್ತಿದ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕಿರಲಿಲ್ಲ ಎಂಬುದು ಅಲ್ಲಿ ಬಯಲಾಯಿತು.

ಭಾರತದಿಂದಲೂ ಒಂದು ದನಿ ಎದ್ದಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ನಿವೃತ್ತ ಉಪ ಮಹಾನಿರ್ದೇಶಕ ವಿ.ಕೆ. ರೈನಾ ಅವರ ವರದಿಯೊಂದನ್ನು 2009ರ ನವೆಂಬರ್‌ನಲ್ಲಿ ಅಂದಿನ ಪರಿಸರ ಸಚಿವ, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಮ್ ರಮೇಶ್ ಬಿಡುಗಡೆ ಮಾಡಿದರು. ಹಿಮನದಿಗಳ ಹಿಂಸರಿತ ಅಸಹಜವಾಗಿದೆ ಎನ್ನಲು, ಅದಕ್ಕೆ ತಾಪಮಾನ ಏರಿಕೆಯೇ ಕಾರಣ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ರೈನಾ ಬರೆದಿದ್ದರು. ಐಪಿಸಿಸಿಯ ಅಂದಿನ ಅಧ್ಯಕ್ಷ ರಾಜೇಂದ್ರ ಪಚೌರಿ ಅದನ್ನು ‘ವೂಡೂ ವಿಜ್ಞಾನ’ ಎಂದು ಜರೆದರು. ಜರೆದದ್ದು ತಪ್ಪಾಗಿತ್ತು. ರೈನಾ ವರದಿ ಬಂದ ಎರಡೇ ತಿಂಗಳಲ್ಲಿ ಐಪಿಸಿಸಿಯೇ ತಲೆತಗ್ಗಿಸಬೇಕಾಯಿತು. ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸಲು ಹೋಗುವುದು ವಿಜ್ಞಾನದ ಪರ ನಿಂತಂತೆ ಅಲ್ಲ, ಆ ಪ್ರಶ್ನೆ ಎಷ್ಟೇ ಇರುಸುಮುರುಸು ತರಲಿ.

ಅಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಇಸವಿ ತಪ್ಪು ಎಂದು ಸಾಬೀತಾದದ್ದೇ ತಡ, ಹಾಗಾದರೆ ಕರಗುವುದೂ ಸುಳ್ಳು ಎಂಬ ತೀರ್ಮಾನಕ್ಕೆ ಬಹಳ ಜನ ಜಿಗಿದರು. ಹವಾಮಾನ ಬದಲಾವಣೆಯೇ ಒಂದು ಕಟ್ಟುಕಥೆ ಎನ್ನುವವರ ಕೈಗೆ ಆ ಒಂದು ಪ್ಯಾರಾ ಆಯುಧವಾಗಿ ಇಂದಿಗೂ ಉಳಿದಿದೆ. ನನಗೆ ಭಯ ಹುಟ್ಟಿಸುವುದು ಈ ಜಿಗಿತ. ಏಕೆಂದರೆ ಆಮೇಲಿನ ಹದಿನೈದು ವರ್ಷಗಳಲ್ಲಿ ಬಂದ ಪುರಾವೆ ಬೇರೆಯದೇ ಕಥೆ ಹೇಳುತ್ತದೆ, ಮತ್ತು ಆ ಕಥೆಯಲ್ಲಿ ಈಗಾಗಲೇ ಹೆಣಗಳು ಬಿದ್ದಿವೆ.

ರೈನಾ ಅವರ ವಾದವನ್ನೇ ಮೊದಲು ನೋಡೋಣ. ಅದನ್ನು ಗೌರವದಿಂದ ಪರೀಕ್ಷಿಸಬೇಕು, ಏಕೆಂದರೆ ಅವರು ಹಿಮನದಿಗಳ ಮೇಲೆ ನಡೆದಾಡಿ ಬರೆದವರು. ಅವರು ಮುಖ್ಯವಾಗಿ ನೆಚ್ಚಿದ್ದು ಹಿಮನದಿಯ ಮೂತಿಯನ್ನು. ಮಂಜುಗಡ್ಡೆಯ ನಾಲಿಗೆ ಎಲ್ಲಿ ಕೊನೆಯಾಗಿ ನೀರು ಹೊರಡುತ್ತದೋ ಅದು ಮೂತಿ. ಗಂಗೋತ್ರಿ ಹಿಮನದಿಗಾದರೆ ಗೋಮುಖ. ಗಂಗೋತ್ರಿಯ ಮೂತಿ 2007ರಿಂದ 2009ರ ನಡುವೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು ಎಂದು ಅವರು ದಾಖಲಿಸಿದರು. ಅದು ನಿಜವೇ. ಆದರೆ ಮೂತಿ ನಿಂತಿದೆ ಎಂದರೆ ಹಿಮನದಿ ಸುರಕ್ಷಿತ ಎಂದಲ್ಲ.

ಹಿಮಾಲಯದ ಬಹುಪಾಲು ದೊಡ್ಡ ಹಿಮನದಿಗಳ ಕೆಳಭಾಗದ ಮೇಲೆ ಕಲ್ಲುಮಣ್ಣಿನ ಹೊದಿಕೆ ಇರುತ್ತದೆ. ಆಚೀಚೆಯ ಕಡಿದಾದ ಗೋಡೆಗಳಿಂದ ಉದುರಿದ್ದು. ಹೊದಿಕೆ ತೆಳುವಾಗಿದ್ದರೆ ಬಿಸಿಲು ಹೀರಿ ಕರಗುವಿಕೆಯನ್ನು ಹೆಚ್ಚಿಸುತ್ತದೆ. ದಪ್ಪಗಿದ್ದರೆ ಬಿಸಿಲು ಒಳಗಿಳಿಯದಂತೆ ತಡೆಯುತ್ತದೆ. ಮೂತಿಯ ಬಳಿ ಹೊದಿಕೆ ಅತಿ ದಪ್ಪ. ಹಾಗಾಗಿ ತುದಿ ಇದ್ದಲ್ಲೇ ಇರುತ್ತದೆ, ಅದರ ಹಿಂದೆ ಮೈಲಿಗಟ್ಟಲೆ ಉದ್ದಕ್ಕೆ ಮಂಜು ಕುಸಿಯುತ್ತ, ತೆಳುವಾಗುತ್ತ ಹೋಗುತ್ತದೆ. ಬ್ಯಾಂಕಿನ ಖಾತೆ ಇನ್ನೂ ಚಾಲ್ತಿಯಲ್ಲಿದೆ ಎಂದ ಮಾತ್ರಕ್ಕೆ ಅದರಲ್ಲಿ ಹಣ ಇದೆ ಎಂದು ಹೇಳಲಾಗದಲ್ಲ, ಹಾಗೆ. ನೋಡಬೇಕಾದದ್ದು ಜಮಾ-ಖರ್ಚನ್ನು.

ಆ ಲೆಕ್ಕ ಇಡುವ ಕೆಲಸ ಮೈಮುರಿಯುವಂಥದು. ಹಿಮಾಚಲದ ಲಾಹೌಲ್-ಸ್ಪಿತಿ ಜಿಲ್ಲೆಯ ಛೋಟಾ ಶಿಗ್ರಿ ಹಿಮನದಿಯಲ್ಲಿ 2002ರಿಂದ ವರ್ಷ ತಪ್ಪದೆ ಈ ಕೆಲಸ ನಡೆದಿದೆ. ಕೆಳಭಾಗದ ಗಡ್ಡೆಗೆ ಹಬೆಯ ಕೊರಕದಿಂದ ಆಳವಾದ ತೂತು ಕೊರೆದು ಬಿದಿರಿನ ಕೋಲು ಇಳಿಸುತ್ತಾರೆ. ಮುಂದಿನ ವರ್ಷ ಬೇಸಿಗೆ ಕಳೆದ ಮೇಲೆ ಬಂದು, ಕೋಲು ಎಷ್ಟು ಹೊರಗೆ ಚಾಚಿಕೊಂಡಿದೆ ಎಂದು ಅಳೆಯುತ್ತಾರೆ. ಅಷ್ಟು ಮಂಜು ಕರಗಿತು ಎಂದರ್ಥ. ಇದು ಖರ್ಚು. ಜಮಾ ಇರುವುದು ಮೇಲ್ಭಾಗದಲ್ಲಿ; ಸಾವಿರಾರು ಅಡಿ ಮೇಲೆ ಹತ್ತಿ, ಹಿಂದಿನ ಬೇಸಿಗೆಯ ಪದರ ಸಿಗುವವರೆಗೆ ಗುಂಡಿ ತೋಡಿ, ಆ ವರ್ಷ ಬಿದ್ದ ಹಿಮದ ದಪ್ಪವನ್ನೂ ಸಾಂದ್ರತೆಯನ್ನೂ ತೂಗಿ ಬರೆದುಕೊಳ್ಳಬೇಕು. ಉಸಿರಾಡಲು ಗಾಳಿ ಸಾಲದ ಎತ್ತರದಲ್ಲಿ ಈ ಕೆಲಸ. 2002ರಿಂದ 2014ರವರೆಗಿನ ಸರಾಸರಿ ತೆಗೆದಾಗ, ನೀರಿನ ಲೆಕ್ಕದಲ್ಲಿ ಹಿಮನದಿ ಪ್ರತಿವರ್ಷ ಅರ್ಧ ಮೀಟರ್‌ಗಿಂತ ತುಸು ಹೆಚ್ಚು ಕಳೆದುಕೊಂಡಿತ್ತು. ಒಂದೆರಡು ವರ್ಷ ಲಾಭವೂ ಆಗಿದೆ. ಆದರೆ ಒಟ್ಟು ಖಾತೆ ಬರಿದಾಗುತ್ತಿದೆ.

ಒಂದು ಹಿಮನದಿ ನೋಡಿ ಇಡೀ ಹಿಮಾಲಯದ ತೀರ್ಪು ಹೇಳಬಹುದೇ? ಕೇಳಲೇಬೇಕಾದ ಪ್ರಶ್ನೆ. ಇಸ್ರೋದ ಅಹಮದಾಬಾದ್ ಕೇಂದ್ರದಲ್ಲಿದ್ದು, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರಕ್ಕೆ ಬಂದ ಅನಿಲ್ ಕುಲಕರ್ಣಿ ಮತ್ತು ಸಂಗಡಿಗರು 2007ರಲ್ಲೇ ಇದಕ್ಕೆ ಒಂದು ಉತ್ತರ ಕೊಟ್ಟಿದ್ದರು. ಚೀನಾಬ್, ಪಾರ್ವತಿ, ಬಸ್ಪಾ ಕಣಿವೆಗಳ 466 ಹಿಮನದಿಗಳನ್ನು 1962ರ ನಕ್ಷೆಗಳ ಜೊತೆ ಹೋಲಿಸಿದಾಗ, 2,077 ಚದರ ಕಿಲೋಮೀಟರ್ ಇದ್ದ ಹಿಮದ ಹರವು 1,628ಕ್ಕೆ ಇಳಿದಿತ್ತು. ಶೇಕಡಾ 21ರಷ್ಟು ನಷ್ಟ. ಹಳೆಯ ಸರ್ವೆ ನಕ್ಷೆಗಳಲ್ಲಿ ಕಲ್ಲುಮಣ್ಣು ಮುಚ್ಚಿದ ಮಂಜನ್ನೂ ಬರಿಯ ಹಿಮವನ್ನೂ ಎಲ್ಲೆಲ್ಲಿ ತಪ್ಪಾಗಿ ಗುರುತಿಸಿದ್ದಾರೋ ಎಂದು ತಕರಾರು ತೆಗೆಯಬಹುದಿತ್ತು, ಅಂಥ ತಕರಾರಿಗೆ ಆಧಾರವೂ ಇದೆ.

ಇನ್ನೂ ಗಟ್ಟಿ ತಕರಾರು 2012ರಲ್ಲಿ ಬಂತು. ಭೂಮಿಯ ಗುರುತ್ವದ ಏರುಪೇರನ್ನು ಅಳೆಯುವ ಗ್ರೇಸ್ ಉಪಗ್ರಹಗಳ ದತ್ತಾಂಶ ಬಳಸಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಬಂಧವೊಂದು, 2003ರಿಂದ 2010ರವರೆಗೆ ಏಷ್ಯಾದ ಎತ್ತರದ ಪರ್ವತಗಳು ವರ್ಷಕ್ಕೆ ಕೇವಲ 400 ಕೋಟಿ ಟನ್ ಮಂಜು ಕಳೆದುಕೊಂಡಿವೆ ಎಂದಿತು. ಅದಕ್ಕೆ ಹಿಂದಿನ ಅಂದಾಜು ಇದರ ಹತ್ತು ಪಟ್ಟಿಗೂ ಹೆಚ್ಚಿತ್ತು. ಹಿಮಾಲಯದಲ್ಲಿ ಮಂಜು ಕರಗಿಯೇ ಇಲ್ಲ ಎಂಬ ತಲೆಬರಹಗಳು ಬಂದವು. ಪ್ರಬಂಧದಲ್ಲಿ ಆ 400 ಕೋಟಿಯ ಪಕ್ಕದಲ್ಲೇ ಇನ್ನೊಂದು ಅಂಕಿ ಇತ್ತು, ತಲೆಬರಹ ಬರೆದವರು ಅದನ್ನು ಬಿಟ್ಟರು: ಹೆಚ್ಚುಕಡಿಮೆ 2,000 ಕೋಟಿ. ಅಂದರೆ ನಿಜವಾದ ನಷ್ಟ 2,400 ಕೋಟಿ ಟನ್ ಇರಬಹುದು, ಅಥವಾ 1,600 ಕೋಟಿ ಟನ್ ಲಾಭವೇ ಆಗಿರಬಹುದು. ಉತ್ತರ ಭಾರತದ ಬಯಲಿನಲ್ಲಿ ಬೋರ್‌ವೆಲ್‌ಗಳು ಹೀರುತ್ತಿರುವ ಅಂತರ್ಜಲವೂ ಗುರುತ್ವವನ್ನು ತಗ್ಗಿಸುತ್ತದೆ. ಅದನ್ನು ಮಂಜಿನ ಲೆಕ್ಕದಿಂದ ಬೇರ್ಪಡಿಸುವುದು ಸುಲಭವಲ್ಲ. ಐದು ವರ್ಷಗಳ ಬಳಿಕ, ಉಪಗ್ರಹದ ಜೋಡಿಚಿತ್ರಗಳಿಂದ ಬಹುತೇಕ ಹಿಮನದಿಗಳ ಎತ್ತರ ಅಳೆದ ಇನ್ನೊಂದು ತಂಡ 2000ದಿಂದ 2016ರವರೆಗಿನ ನಷ್ಟವನ್ನು ವರ್ಷಕ್ಕೆ ಸುಮಾರು 1,630 ಕೋಟಿ ಟನ್ ಎಂದು ಕಂಡುಕೊಂಡಿತು. ಈ ಬಾರಿ ಹೆಚ್ಚುಕಡಿಮೆ 350 ಕೋಟಿ ಮಾತ್ರ. ಮೊದಲಿನ ಭಾರಿ ಅಂದಾಜೂ ಸರಿಯಿರಲಿಲ್ಲ, ಏನೂ ಆಗಿಲ್ಲ ಎಂಬ ಸಮಾಧಾನವೂ ಸರಿಯಿರಲಿಲ್ಲ. ಸಂದೇಹ ತನ್ನ ಕೆಲಸ ಮಾಡಿದಾಗ ಆಗುವುದು ಹೀಗೆ: ಅಂಕಿ ಬಿಗಿಯಾಗುತ್ತದೆ.

ಕಾರಾಕೋರಂ ಶ್ರೇಣಿಯ ವಿಚಾರವನ್ನೂ ಮುಚ್ಚಿಡಬಾರದು. ಅಲ್ಲಿಯ ಕೆಲವು ಹಿಮನದಿಗಳು ಬೆಳೆಯುತ್ತಿವೆ ಎಂದು ಹಿಮವಿಜ್ಞಾನಿ ಕೆನೆತ್ ಹೆವಿಟ್ 2005ರಲ್ಲಿ ಬರೆದಾಗ ಹುಬ್ಬೇರಿಸಿದವರಿದ್ದರು. 2012ರಲ್ಲಿ ಉಪಗ್ರಹ ಮಾಪನ ಹೆವಿಟ್ ಮಾತನ್ನು ಎತ್ತಿಹಿಡಿಯಿತು. ಹೆವಿಟ್ ಅದಕ್ಕೆ ಕೊಟ್ಟ ‘ಕಾರಾಕೋರಂ ವೈಚಿತ್ರ್ಯ’ ಎಂಬ ಹೆಸರನ್ನೇ ಹವಾಮಾನ ವಿಜ್ಞಾನಿಗಳು ತಮ್ಮ ಪಠ್ಯಕ್ಕೆ ಸೇರಿಸಿಕೊಂಡರು. ಚಳಿಗಾಲದ ಹಿಮಪಾತ ಅಲ್ಲಿ ಬೇರೆ ತರಹ ಎಂಬುದು ಒಂದು ವಿವರಣೆ. 2010ರ ದಶಕದ ಕೊನೆಯ ಹೊತ್ತಿಗೆ ಅಲ್ಲೂ ಮಂಜು ತೆಳುವಾಗತೊಡಗಿದೆ.

ಈ ಸರಣಿಯಲ್ಲಿ ನನ್ನ ಮನಸ್ಸಿಗೆ ಬಹಳ ನಾಟಿದ ಪುರಾವೆ ಬಂದದ್ದು ಅಮೆರಿಕದ ಗೂಢಚಾರ ಉಪಗ್ರಹಗಳಿಂದ. ಶೀತಲ ಸಮರದ ಕಾಲದಲ್ಲಿ ಹೆಕ್ಸಾಗನ್ ಎಂಬ ಉಪಗ್ರಹಗಳು ಜಗತ್ತಿನ ಚಿತ್ರ ತೆಗೆಯುತ್ತಿದ್ದವು. ಆಗ ಡಿಜಿಟಲ್ ಇರಲಿಲ್ಲ. ಫಿಲ್ಮ್ ಸುರುಳಿಗಳನ್ನು ಡಬ್ಬಿಯಲ್ಲಿ ತುಂಬಿ ಕೆಳಕ್ಕೆ ಎಸೆಯುತ್ತಿದ್ದರು; ಪ್ಯಾರಾಚ್ಯೂಟ್ ಬಿಚ್ಚಿಕೊಂಡು ಇಳಿಯುವ ಡಬ್ಬಿಯನ್ನು ಪೆಸಿಫಿಕ್ ಸಾಗರದ ಮೇಲೆ ವಿಮಾನವೊಂದು ಗಾಳಿಯಲ್ಲೇ ಕೊಕ್ಕೆ ಹಾಕಿ ಹಿಡಿಯುತ್ತಿತ್ತು. ಮಿಲಿಟರಿ ಗುಟ್ಟು ಎಂಬ ಮುದ್ರೆ ಕಳಚಿದ ಮೇಲೆ ಆ ಚಿತ್ರಗಳು ವಿಜ್ಞಾನಿಗಳ ಕೈಗೆ ಬಂದವು. ಕೊಲಂಬಿಯಾ ವಿಶ್ವವಿದ್ಯಾಲಯದ ಜೋಶುವಾ ಮೌರರ್ ಮತ್ತು ಜೊತೆಗಾರರು 1970ರ ದಶಕದ ಆ ಚಿತ್ರಗಳಿಂದ ಹಿಮಾಲಯದ 2,000 ಕಿಲೋಮೀಟರ್ ಉದ್ದದ 650 ಹಿಮನದಿಗಳ ಎತ್ತರದ ನಕ್ಷೆ ಕಟ್ಟಿ, ಇಂದಿನ ಉಪಗ್ರಹ ಚಿತ್ರಗಳ ಜೊತೆ ಹೋಲಿಸಿ 2019ರಲ್ಲಿ ಪ್ರಕಟಿಸಿದರು. 1975ರಿಂದ 2000ದವರೆಗೆ ವರ್ಷಕ್ಕೆ ಸರಾಸರಿ 22 ಸೆಂಟಿಮೀಟರ್ ನಷ್ಟ. 2000ದಿಂದ 2016ರವರೆಗೆ 43 ಸೆಂಟಿಮೀಟರ್. ಎರಡು ಪಟ್ಟು.

ಅವರು ಅಲ್ಲಿಗೇ ಕೈತೊಳೆದುಕೊಳ್ಳಲಿಲ್ಲ. ಕಾರಣ ತಾಪಮಾನವೇ ಏಕೆ ಆಗಬೇಕು, ಬಯಲಿನಿಂದ ಹಾರಿಬಂದ ಮಸಿ ಇರಬಹುದಲ್ಲ, ಮಳೆ-ಹಿಮಪಾತ ಕಡಿಮೆಯಾಗಿರಬಹುದಲ್ಲ ಎಂದು ತಮಗೆ ತಾವೇ ಕೇಳಿಕೊಂಡರು. ಮಸಿ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ, ಮಳೆಯ ಬದಲಾವಣೆಯೂ ಕಣಿವೆಯಿಂದ ಕಣಿವೆಗೆ ಬೇರೆ. ಆದರೆ ಕರಗುವಿಕೆ ಮಾತ್ರ ಸ್ಪಿತಿಯಿಂದ ಭೂತಾನದವರೆಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿತ್ತು. ಇಡೀ ವಲಯದಲ್ಲಿ ಹಾಗೆ ಸಮನಾಗಿ ಬದಲಾದದ್ದು ತಾಪಮಾನ. ಮೊದಲ ಅವಧಿಗಿಂತ ಎರಡನೆಯದರಲ್ಲಿ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು. ಮಸಿಗೂ ಪಾಲಿದೆ, ಅವರು ಅದನ್ನು ತಳ್ಳಿಹಾಕಿಲ್ಲ. ಮುಖ್ಯ ಕಾರಣ ಬಿಸಿ.

ತೆರೆದ ಮನಸ್ಸು ಎಂದರೆ ಯಾವ ತೀರ್ಮಾನಕ್ಕೂ ಬಾರದೆ ಕೂರುವುದು ಎಂದು ಅನೇಕರು ತಿಳಿದಿದ್ದಾರೆ. ಅದಲ್ಲ. ಅಮೆರಿಕದ ಬರ್ಕ್‌ಲಿಯ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಭೂಮಿಯ ತಾಪಮಾನದ ದಾಖಲೆಗಳನ್ನೇ ನಂಬಿರಲಿಲ್ಲ. ಉಷ್ಣಮಾಪಕಗಳನ್ನು ನಗರಗಳ ಕಾಂಕ್ರೀಟಿನ ನಡುವೆ ಇಟ್ಟಿದ್ದಾರೆ, ದತ್ತಾಂಶವನ್ನು ಆರಿಸಿ ಬಳಸಿದ್ದಾರೆ ಎಂಬುದು ಅವರ ತಕರಾರು. 2010ರಲ್ಲಿ ಸ್ವಂತ ತಂಡ ಕಟ್ಟಿ, ಮೂವತ್ತೊಂಬತ್ತು ಸಾವಿರದಷ್ಟು ಮಾಪನ ಕೇಂದ್ರಗಳ ದಾಖಲೆಗಳನ್ನು ಮೊದಲಿನಿಂದ ಲೆಕ್ಕ ಹಾಕಿದರು. ಹಣ ಕೊಟ್ಟವರಲ್ಲಿ ತೈಲೋದ್ಯಮಿ ಚಾರ್ಲ್ಸ್ ಕೋಚ್ ಅವರ ಪ್ರತಿಷ್ಠಾನವೂ ಇತ್ತು. ಫಲಿತಾಂಶ ಹಳೆಯ ದಾಖಲೆಗಳಿಗೇ ಹೊಂದಿತು. 2012ರಲ್ಲಿ ಮುಲ್ಲರ್, ಭೂಮಿ ಬಿಸಿಯಾಗುತ್ತಿರುವುದು ನಿಜ, ಅದಕ್ಕೆ ಬಹುತೇಕ ಸಂಪೂರ್ಣವಾಗಿ ಮನುಷ್ಯರೇ ಕಾರಣ ಎಂದು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ತಮ್ಮ ಹೆಸರು ಹಾಕಿ ಬರೆದರು. ಫಲಿತಾಂಶ ಏನೇ ಬಂದರೂ ಒಪ್ಪುತ್ತೇನೆ ಎಂದು ಮೊದಲೇ ಹೇಳಿದ್ದ ಇನ್ನೊಬ್ಬ ಹೆಸರಾಂತ ಸಂದೇಹವಾದಿ, ಫಲಿತಾಂಶ ಬಂದ ಮೇಲೆ ಒಪ್ಪಲಿಲ್ಲ.

ಈ ಇಬ್ಬರ ನಡುವಿನ ವ್ಯತ್ಯಾಸ ನಮಗೆ ಗೊತ್ತಿಲ್ಲದ್ದೇನಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದಾಗ, ಅವರು ಬೇಡಿದ್ದು ಪರೀಕ್ಷೆಗೆ ಬನ್ನಿ ಎಂಬುದನ್ನಷ್ಟೇ. ಪರೀಕ್ಷೆಗೆ ಒಪ್ಪುವುದು ಪ್ರಶ್ನಿಸುವವನಿಗೂ ಅನ್ವಯಿಸುತ್ತದೆ. ಹವಾಮಾನ ಬದಲಾವಣೆಯನ್ನು ಅನುಮಾನಿಸುವವರನ್ನು ನಾನು ಕೇಳುವುದು ಇಷ್ಟೇ: ಯಾವ ಪುರಾವೆ ಸಿಕ್ಕರೆ ನೀವು ಮಾತು ಬದಲಿಸುತ್ತೀರಿ? ಹೇಳಿ, ಬರೆದಿಡೋಣ. ಹಿಮಾಲಯದ ಮಟ್ಟಿಗೆ ಬಿದಿರಿನ ಕೋಲು, ಉಪಗ್ರಹದ ಜೋಡಿಚಿತ್ರ, ಗೂಢಚಾರ ಚಿತ್ರ, ಈ ಮೂರೂ ದಾರಿಗಳು ಒಂದೇ ಕಡೆ ಬಂದು ಸೇರಿವೆ.

ಹಾಗೆ ಕರಗಿದ ನೀರಿನಲ್ಲಿ ಒಂದಿಷ್ಟು ಅಲ್ಲೇ ನಿಲ್ಲುತ್ತದೆ. ಅಪಾಯ ಇರುವುದು ಅಲ್ಲಿ.

ಉತ್ತರ ಸಿಕ್ಕಿಮ್‌ನಲ್ಲಿ, ಸಮುದ್ರಮಟ್ಟದಿಂದ ಸುಮಾರು 5,200 ಮೀಟರ್ ಎತ್ತರದಲ್ಲಿ ದಕ್ಷಿಣ ಲೋನಾಕ್ ಎಂಬ ಸರೋವರವಿದೆ. 1970ರ ದಶಕದ ಮಧ್ಯದಲ್ಲಿ ಅದು ಇಪ್ಪತ್ತು ಹೆಕ್ಟೇರ್‌ನಷ್ಟು ಹರವಿನ ಕೊಳ. ಹಿಮನದಿ ಹಿಂದೆ ಸರಿದಂತೆಲ್ಲ ಬಿಟ್ಟುಕೊಟ್ಟ ತಗ್ಗಿನಲ್ಲಿ ನೀರು ತುಂಬುತ್ತ ಬಂತು. ಆ ನೀರನ್ನು ತಡೆದು ನಿಲ್ಲಿಸಿದ್ದು ಹಿಮನದಿ ಹಿಂದೆ ತಳ್ಳಿ ಬಿಟ್ಟುಹೋದ ಕಲ್ಲು, ಮರಳು, ಮಣ್ಣಿನ ದಿಬ್ಬ, ಅಂದರೆ ಮೊರೇನ್. ಯಾವ ಎಂಜಿನಿಯರೂ ಕಟ್ಟಿದ್ದಲ್ಲ, ಅಂಟಿಸಿರುವುದು ಒಳಗಿನ ಹೆಪ್ಪುಗಟ್ಟಿದ ನೀರು. 2023ರ ಸೆಪ್ಟೆಂಬರ್ 28ರಂದು ಇಸ್ರೋ ಉಪಗ್ರಹ ಚಿತ್ರದಲ್ಲಿ ಸರೋವರದ ವಿಸ್ತಾರ 167.4 ಹೆಕ್ಟೇರ್.

ಇದು ಒಡೆಯಬಹುದು ಎಂದು ಯಾರೂ ಹೇಳಿರಲಿಲ್ಲವೇ? ಹೇಳಿದ್ದರು. 2013ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯ ಪ್ರಬಂಧ ಒಡೆಯುವ ಸಾಧ್ಯತೆಯನ್ನು ಶೇಕಡಾ 42 ಎಂದು ಅಂದಾಜಿಸಿತ್ತು. 2016ರಲ್ಲಿ ಸಿಕ್ಕಿಮ್ ಸರ್ಕಾರ ಲಡಾಖಿನ ಎಂಜಿನಿಯರ್ ಸೋನಮ್ ವಾಂಗ್‌ಚುಕ್ ಅವರ ನೆರವಿನಿಂದ ಪೈಪುಗಳನ್ನು ಹೊತ್ತೊಯ್ದು ಸೈಫನ್ ಕ್ರಮದಲ್ಲಿ ಒಂದಿಷ್ಟು ನೀರು ಹೊರಹಾಕಿತು. 2019ರಲ್ಲಿ ಆಶಿಮ್ ಸತ್ತಾರ್, ಅಜಂತಾ ಗೋಸ್ವಾಮಿ ಮತ್ತು ಬೆಂಗಳೂರಿನ ಅದೇ ಅನಿಲ್ ಕುಲಕರ್ಣಿ, ಮೊರೇನ್ ಒಡೆದರೆ ನೀರು ಯಾವ ಹಾದಿಯಲ್ಲಿ ಇಳಿದೀತು ಎಂದು ಕಂಪ್ಯೂಟರ್ ಮಾದರಿಯಲ್ಲಿ ಹರಿಸಿ ತೋರಿಸಿದರು. 2023ರ ಸೆಪ್ಟೆಂಬರ್‌ನಲ್ಲಿ ಸರೋವರದ ದಡದಲ್ಲಿ ಕ್ಯಾಮೆರಾ ಮತ್ತು ಹವಾಮಾನ ಯಂತ್ರ ಕೂರಿಸಲಾಯಿತು. ಕೆಳಗಿನ ಊರುಗಳಿಗೆ ಎಚ್ಚರಿಕೆ ಮುಟ್ಟಿಸುವ ವ್ಯವಸ್ಥೆ ಇನ್ನೂ ಆಗಬೇಕಿತ್ತು.

ಅಕ್ಟೋಬರ್ 3ರ ರಾತ್ರಿ ಪಕ್ಕದ ಮೊರೇನ್ ಕುಸಿದು ನೀರಿಗೆ ಬಿತ್ತು. ಸುಮಾರು 1.47 ಕೋಟಿ ಘನ ಮೀಟರ್ ಹೆಪ್ಪುಗಟ್ಟಿದ ಕಲ್ಲುಮಣ್ಣು. ಇಪ್ಪತ್ತು ಮೀಟರ್ ಎತ್ತರದ ಅಲೆ ಎದ್ದು ಎದುರಿನ ದಿಬ್ಬವನ್ನು ಹೊಡೆದು ಒಡೆಯಿತು. ಐದು ಕೋಟಿ ಘನ ಮೀಟರ್ ನೀರು ತೀಸ್ತಾ ಕಣಿವೆಗೆ ನುಗ್ಗಿತು. ದಾರಿಯಲ್ಲಿ ದಡಗಳನ್ನು ಕೊರೆದು ಎಬ್ಬಿಸಿದ ಮಣ್ಣುಕಲ್ಲಿನ ಪ್ರಮಾಣ ಅದಕ್ಕಿಂತ ಐದು ಪಟ್ಟು ಹೆಚ್ಚು, ಸುಮಾರು 27 ಕೋಟಿ ಘನ ಮೀಟರ್. ಚುಂಗ್‌ಥಾಂಗ್ ಎಂಬಲ್ಲಿ 1,200 ಮೆಗಾವಾಟ್‌ನ ತೀಸ್ತಾ-3 ಜಲವಿದ್ಯುತ್ ಯೋಜನೆಯ 60 ಮೀಟರ್ ಎತ್ತರದ ಅಣೆಕಟ್ಟು ಕೊಚ್ಚಿಹೋಯಿತು, ಅದರ ಹಿಂದೆ ನಿಂತಿದ್ದ ನೀರೂ ಪ್ರವಾಹಕ್ಕೆ ಸೇರಿತು. ಪ್ರವಾಹ ಬಾಂಗ್ಲಾದೇಶದವರೆಗೆ ಹರಿಯಿತು. 55 ಜನ ಸತ್ತರು, 74 ಜನ ಸಿಗಲೇ ಇಲ್ಲ. ಮರುದಿನದ ಉಪಗ್ರಹ ಚಿತ್ರದಲ್ಲಿ ಸರೋವರ 60 ಹೆಕ್ಟೇರ್‌ಗೆ ಇಳಿದಿತ್ತು.

ಇದಕ್ಕೆ ಹವಾಮಾನ ಬದಲಾವಣೆಯೇ ಕಾರಣ ಎಂದುಬಿಡಬಹುದೇ? ಎಚ್ಚರದಿಂದ ಮಾತಾಡಬೇಕು. ಸರೋವರ ಅಷ್ಟು ಹಿಗ್ಗಿದ್ದು ಹಿಮನದಿ ಕರಗಿದ್ದರಿಂದ, ಅದರಲ್ಲಿ ಅನುಮಾನವಿಲ್ಲ. ಮೊರೇನ್‌ನೊಳಗಿನ ಹೆಪ್ಪು ಸಡಿಲವಾಗುವುದಕ್ಕೂ ಬಿಸಿಗೂ ಸಂಬಂಧವಿದೆ. ಆದರೆ ಅನಾಹುತ ಅಷ್ಟು ದೊಡ್ಡದಾಗಲು ನದಿಯಂಚಿಗೇ ಕಟ್ಟಿದ ಊರುಗಳು, ರಸ್ತೆಗಳು, ಅಣೆಕಟ್ಟು, ಎಲ್ಲವೂ ಸೇರಿವೆ. ಎರಡು ವರ್ಷ ಮುಂಚೆ, 2021ರ ಫೆಬ್ರವರಿ 7ರಂದು ಉತ್ತರಾಖಂಡದ ಚಮೋಲಿಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತಾಗ ಇಲ್ಲವೇ ಕಾಣೆಯಾದಾಗ ಟಿವಿಗಳು ಹಿಮಸರೋವರ ಒಡೆಯಿತು ಎಂದವು. ವಿಜ್ಞಾನಿಗಳು ಉಪಗ್ರಹ ಚಿತ್ರಗಳನ್ನು ಒಂದೊಂದಾಗಿ ನೋಡಿ, ಸರೋವರ ಒಡೆದದ್ದಲ್ಲ, ರೌಂಟಿ ಶಿಖರದ ಇಳಿಜಾರಿನಿಂದ 2.7 ಕೋಟಿ ಘನ ಮೀಟರ್ ಬಂಡೆ ಮತ್ತು ಮಂಜು ಕಳಚಿ ಬಿದ್ದದ್ದು ಎಂದು ತೋರಿಸಿದರು. ಆ ಒಂದು ಘಟನೆಯನ್ನು ನೇರವಾಗಿ ಹವಾಮಾನ ಬದಲಾವಣೆಗೆ ಗಂಟುಹಾಕಲು ಅವರು ಹೋಗಲಿಲ್ಲ. ಇಂಥ ಸಂಯಮ ಇರುವವರು ಎಚ್ಚರಿಕೆ ಕೊಟ್ಟಾಗ ಕಿವಿಗೊಡಬೇಕು.

ಅಂಥ ಎಚ್ಚರಿಕೆಗಳು ಈಗಲೂ ಬರುತ್ತಿವೆ. ಹಿಮಾಲಯದ ನದಿಕಣಿವೆಗಳಲ್ಲಿ ಹತ್ತು ಹೆಕ್ಟೇರ್‌ಗಿಂತ ದೊಡ್ಡದಾದ 2,431 ಸರೋವರಗಳನ್ನು ಇಸ್ರೋ ಗುರುತಿಸಿದೆ. 1984ರಿಂದೀಚೆಗೆ ಅವುಗಳಲ್ಲಿ 676 ಗಣನೀಯವಾಗಿ ಹಿಗ್ಗಿವೆ. ಹಿಗ್ಗಿದವುಗಳಲ್ಲಿ 601 ಎರಡು ಪಟ್ಟಿಗೂ ಮೀರಿವೆ. ಹಿಗ್ಗಿದ 676ರಲ್ಲಿ 130 ಭಾರತದೊಳಗೇ ಇವೆ. 2024ರಲ್ಲಿ ಕೇಂದ್ರ ಸರ್ಕಾರ ಹಿಮಸರೋವರಗಳ ಅಪಾಯ ತಗ್ಗಿಸಲು ನಾಲ್ಕು ರಾಜ್ಯಗಳಿಗೆ 150 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಒಳ್ಳೆಯ ಆರಂಭ, ಆದರೆ ಕೆಲಸದ ಗಾತ್ರಕ್ಕೆ ಏನೇನೂ ಸಾಲದು ಎಂಬುದು ನನ್ನ ಅಭಿಪ್ರಾಯ.

ನೀರಿನ ಪ್ರಶ್ನೆಯಲ್ಲೂ ಸಂದೇಹ ವಿಜ್ಞಾನವನ್ನು ತಿದ್ದಿದೆ. ಹಿಮ ಕರಗಿದರೆ ಗಂಗೆಯೇ ಬತ್ತುತ್ತಾಳೆ ಎಂಬ ಮಾತು ಉತ್ಪ್ರೇಕ್ಷೆ. ಗಂಗೆಯನ್ನು ಬಹುಪಾಲು ತುಂಬುವುದು ಮುಂಗಾರು. ಆದರೆ ಸಿಂಧೂ ಕಣಿವೆಯ ಲೆಕ್ಕ ಬೇರೆ. ಅಲ್ಲಿ ಹಿಮ ಮತ್ತು ಮಂಜು ಕರಗಿ ಬರುವ ನೀರು ಬಯಲಿನಲ್ಲಿ ಹುಟ್ಟುವ ನೀರಿನ ಒಂದೂವರೆ ಪಟ್ಟು ಎಂದು 2010ರಲ್ಲಿ ‘ಸೈನ್ಸ್’ ಪತ್ರಿಕೆಯ ಅಧ್ಯಯನ ಕಂಡುಕೊಂಡಿತು. ಸಟ್ಲೆಜ್ ನದಿಗೆ ಕಟ್ಟಿದ ಭಾಕ್ರಾ ಅಣೆಕಟ್ಟಿಗೆ ಬರುವ ನೀರಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಹಿಮದ್ದು. ನಮ್ಮ ಕಾವೇರಿ, ಕೃಷ್ಣೆ, ತುಂಗಭದ್ರೆಯರಿಗೆ ಹಿಮದ ಹಂಗಿಲ್ಲ, ನಿಜ. ಪಂಜಾಬ್-ಹರಿಯಾಣದ ಗೋಧಿಗೆ ಇದೆ, ಮತ್ತು ಆ ಗೋಧಿ ದೇಶದ ಪಡಿತರಕ್ಕೆ ಬರುತ್ತದೆ. ಕಠ್ಮಂಡುವಿನ ಪರ್ವತ ಅಧ್ಯಯನ ಸಂಸ್ಥೆ ಐಸಿಮೋಡ್ 2023ರಲ್ಲಿ ತಂದ ವರದಿಯ ಪ್ರಕಾರ, 2011ರಿಂದ 2020ರ ನಡುವೆ ಹಿಂದೂಕುಶ್-ಹಿಮಾಲಯದ ಹಿಮನದಿಗಳು ಅದಕ್ಕೆ ಹಿಂದಿನ ದಶಕಕ್ಕಿಂತ ಶೇಕಡಾ 65ರಷ್ಟು ಹೆಚ್ಚು ವೇಗದಲ್ಲಿ ಕರಗಿವೆ. ಈ ಶತಮಾನದ ಮಧ್ಯದವರೆಗೆ ನದಿಗಳಲ್ಲಿ ಹಿಮದ ನೀರು ಹೆಚ್ಚುತ್ತ ಹೋಗಿ, ಆಮೇಲೆ ಇಳಿಯತೊಡಗುತ್ತದೆ. ಈಗ ಹೆಚ್ಚು ಬರುತ್ತಿರುವ ನೀರನ್ನು ನೋಡಿ ತೊಂದರೆಯೇ ಇಲ್ಲ ಎಂದುಕೊಂಡು ಕಾಲುವೆ ತೋಡಿದರೆ, ಮೊಮ್ಮಕ್ಕಳ ಕಾಲಕ್ಕೆ ಕಾಲುವೆ ಉಳಿದು ನೀರು ಹೋಗಿರುತ್ತದೆ. ಭೂಮಿಯ ತಾಪಮಾನ ಏರಿಕೆಯನ್ನು ಒಂದೂವರೆಯಿಂದ ಎರಡು ಡಿಗ್ರಿಯೊಳಗೆ ಹಿಡಿದರೂ ಈ ವಲಯದ ಮಂಜಿನಲ್ಲಿ ಶೇಕಡಾ 30ರಿಂದ 50ರಷ್ಟು 2100ರೊಳಗೆ ಹೋಗಲಿದೆ ಎಂದು ಅದೇ ವರದಿ ಹೇಳುತ್ತದೆ. ಇಂಗಾಲದ ಹೊಗೆ ತಗ್ಗಿಸುವುದರಿಂದ ಉಳಿಯುವುದು ಬಾಕಿ ಅರ್ಧ, ಅಥವಾ ಅದಕ್ಕಿಂತ ತುಸು ಹೆಚ್ಚು.

ಚುಂಗ್‌ಥಾಂಗ್‌ನಲ್ಲಿ ಕೊಚ್ಚಿಹೋದ ಅಣೆಕಟ್ಟಿನ ಜಾಗದಲ್ಲೇ ಹೊಸದನ್ನು ಕಟ್ಟಲು ಪರಿಸರ ಸಚಿವಾಲಯದ ತಜ್ಞರ ಸಮಿತಿ 2025ರ ಜನವರಿಯಲ್ಲಿ ಶಿಫಾರಸು ಮಾಡಿತು. ಹಳೆಯದು 60 ಮೀಟರ್ ಇತ್ತು, ಹೊಸದು 118 ಮೀಟರ್‌ಗೂ ಹೆಚ್ಚು ಎತ್ತರದ ಕಾಂಕ್ರೀಟ್ ಕಟ್ಟೆ. ಅದು ತಡೆದುಕೊಳ್ಳುತ್ತದೆ ಎನ್ನುವವರ ಲೆಕ್ಕ ಸರಿಯೂ ಇರಬಹುದು. ಆದರೆ ಐಪಿಸಿಸಿಯ ಒಂದು ಪ್ಯಾರಾವನ್ನು ನಾವು ಎಷ್ಟು ಕಟುವಾಗಿ ಪ್ರಶ್ನಿಸಿದೆವೋ ಈ ಲೆಕ್ಕವನ್ನೂ ಅಷ್ಟೇ ಕಟುವಾಗಿ ಪ್ರಶ್ನಿಸಬೇಕು. ಮೇಲಿನ ಸರೋವರಗಳಲ್ಲಿ ಯಾವುದು ಒಡೆದರೆ ಎಷ್ಟು ನೀರು, ಎಷ್ಟು ಕಲ್ಲು, ಎಷ್ಟು ಹೊತ್ತಿನಲ್ಲಿ ಬರುತ್ತದೆ ಎಂಬ ಮಾದರಿಯನ್ನು ಸರ್ಕಾರ ಸಾರ್ವಜನಿಕರ ಮುಂದಿಡಲಿ. ಯೋಜನೆಗೆ ಸಂಬಂಧವಿಲ್ಲದ ಹಿಮವಿಜ್ಞಾನಿಗಳು ಅದನ್ನು ಒರೆಗೆ ಹಚ್ಚಲಿ. ಎಚ್ಚರಿಕೆಯ ಸೈರನ್ ಮೊದಲು ಬರಲಿ, ಕಾಂಕ್ರೀಟು ಆಮೇಲೆ ಬೀಳಲಿ. ಚಾರ್‌ಧಾಮಕ್ಕೋ ಸಿಕ್ಕಿಮ್‌ಗೋ ಹೊರಟ ಕನ್ನಡಿಗರಾದರೂ, ಆ ಕಣಿವೆಗಳಲ್ಲೇ ಹುಟ್ಟಿ ಬದುಕುವವರಾದರೂ, ಇಷ್ಟನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ. ಈಗಲೇ ಕೇಳಿ.